ಸೂಜಿ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು, ಇನ್ನೂ ಆಪರೇಷನ್ ಬೇಕಾ?

ನನ್ನ ತಂಗಿಯ ಸ್ತನದಲ್ಲಿ ಗಂಟು ಸಿಕ್ಕಾಗ ಜಯನಗರದಲ್ಲಿ ಸೂಜಿ ಬಯಾಪ್ಸಿ ಮಾಡಿಸಿದೆವು. ಸ್ಟೇಪ್ಲರ್ ಹೊಡೆದ ಹಾಗೆ ಟಕ್ ಅಂತ ಸದ್ದು, ಆಮೇಲೆ ಚಿಕ್ಕ ಡಬ್ಬಿಯ ಫಾರ್ಮಲಿನ್‌ನಲ್ಲಿ ಶ್ಯಾವಿಗೆ ಚೂರಿನಂಥ ನಾಲ್ಕು ಎಳೆ. ಕ್ಯಾನ್ಸರ್ ಅಲ್ಲ ಅಂತ ರಿಪೋರ್ಟ್ ಬಂತು. ಆದರೆ ಒಬ್ಬ ಡಾಕ್ಟರು ತೆಗೆಸಿಬಿಡಿ ಅಂದರು, ಇನ್ನೊಬ್ಬರು ಬೇಡ ಅಂದರು. ಆಗ ಕೇಳಿ ತಿಳಿದುಕೊಂಡದ್ದು ಇದು.

ಯಾವ ಸೂಜಿ ಹಾಕಿದ್ದಾರೆ ಅಂತ ಮೊದಲು ನೋಡಿ. ಎಫ್‌ಎನ್‌ಎಸಿ ಆಗಿದ್ದರೆ ಸಣ್ಣ ಸೂಜಿಯಲ್ಲಿ ಬಿಡಿ ಜೀವಕೋಶ ಮಾತ್ರ ಬಂದಿರುತ್ತೆ, ಅನುಮಾನ ಇದ್ದರೆ ದಪ್ಪ ಸೂಜಿಯಲ್ಲಿ ಗಂಟಿನ ಎಳೆಯನ್ನೇ ತೆಗೆಯುವ ಕೋರ್ ಬಯಾಪ್ಸಿ ಮಾಡಿಸಿ.

ಆಮೇಲೆ ಡಾಕ್ಟರನ್ನು ಈ ಒಂದು ಪ್ರಶ್ನೆ ಕೇಳಲೇಬೇಕು: ಸ್ಕ್ಯಾನ್‌ನಲ್ಲಿ ಕಂಡದ್ದಕ್ಕೂ ಬಯಾಪ್ಸಿಯಲ್ಲಿ ಬಂದದ್ದಕ್ಕೂ ತಾಳೆ ಆಗುತ್ತಾ? ಸ್ಕ್ಯಾನ್ ರಿಪೋರ್ಟಿನ ಕೊನೆಯಲ್ಲಿ ಬೈರಾಡ್ಸ್ 5 ಅಂತ ಇದ್ದು, ಅಂದರೆ ಕ್ಯಾನ್ಸರ್ ಅನುಮಾನ ತುಂಬಾ ಜಾಸ್ತಿ ಅಂತ ಬರೆದಿದ್ದು, ಸೂಜಿಯಲ್ಲಿ ಮಾತ್ರ ಏನೂ ಇಲ್ಲ ಅಂತ ಬಂದರೆ ನಿಶ್ಚಿಂತೆಯಿಂದ ಇರಬೇಡಿ, ಸೂಜಿ ಗಂಟಿನ ಪಕ್ಕಕ್ಕೆ ಹೋಗಿರಬಹುದು. ಮತ್ತೆ ಬಯಾಪ್ಸಿ ಮಾಡಬೇಕು, ಇಲ್ಲವೇ ಗಂಟು ತೆಗೆದು ನೋಡಬೇಕು.

ಎರಡೂ ತಾಳೆಯಾಗಿ ಫೈಬ್ರೊಅಡಿನೋಮಾ (ಕ್ಯಾನ್ಸರ್ ಅಲ್ಲದ ಒಂದು ಬಗೆಯ ಗಂಟು) ಅಂತ ಬಂದಿದ್ದರೆ ಸಾಮಾನ್ಯವಾಗಿ ಕತ್ತರಿ ಹಾಕಿಸಬೇಕಾಗಿಲ್ಲ. ಹುಡುಗಿಯರಲ್ಲಿ ಇದೇ ಜಾಸ್ತಿ. ಮದುವೆ ಮಾತುಕತೆ ನಡೀತಿದೆ, ಸುಮ್ನೆ ತೆಗೆಸಿಬಿಡೋಣ ಅಂತ ಮನೆಯವರು ಅವಸರ ಮಾಡುತ್ತಾರಲ್ವಾ, ಅದು ಕಾರಣವೇ ಅಲ್ಲ. 3 ಸೆಂಟಿಮೀಟರ್ ದಾಟಿದ್ದರೆ, ಬೆಳೆಯುತ್ತಿದ್ದರೆ, ನೋವು ಕೊಡುತ್ತಿದ್ದರೆ ತೆಗೆಸುವ ಮಾತಾಡಬಹುದು. ಇಲ್ಲದಿದ್ದರೆ 6 ತಿಂಗಳಿಗೆ ಮತ್ತೆ ಸ್ಕ್ಯಾನ್. ಬೇಗ ಬೇಗ ಬೆಳೆದರೆ ಫಿಲೋಡ್ಸ್ ಗಡ್ಡೆಯ ಅನುಮಾನ ಬರುತ್ತೆ. ನೋಡಲು ಫೈಬ್ರೊಅಡಿನೋಮಾದ ಹಾಗೇ ಇರುತ್ತೆ, ಆದರೆ ಅದನ್ನು ತೆಗೆಯಲೇಬೇಕು.

ರಿಪೋರ್ಟಿನಲ್ಲಿ ‘ಅಟಿಪಿಕಲ್’ (ಜೀವಕೋಶ ಸಹಜವಾಗಿಲ್ಲ ಅಂತ ಅರ್ಥ) ಅನ್ನೋ ಪದ ಇದೆಯಾ ಹುಡುಕಿ. ಅಟಿಪಿಕಲ್ ಡಕ್ಟಲ್ ಹೈಪರ್‌ಪ್ಲೇಸಿಯಾ ಇದ್ದರೆ, ಅಂದರೆ ಹಾಲಿನ ನಾಳದಲ್ಲಿ ಇಂಥ ಜೀವಕೋಶ ಜಾಸ್ತಿಯಾಗಿದ್ದರೆ, ಸಾಮಾನ್ಯವಾಗಿ ಆ ಜಾಗ ತೆಗೆಸಿ ಅಂತಲೇ ಹೇಳುತ್ತಾರೆ. ಸೂಜಿಗೆ ಸಿಕ್ಕಿದ್ದು ಸ್ವಲ್ಪವೇ, ಅದರ ಪಕ್ಕದಲ್ಲೇ ಕ್ಯಾನ್ಸರ್ ಅಡಗಿರೋದು ಕೆಲವರಲ್ಲಿ ಆಪರೇಷನ್ ಆದಮೇಲೆ ಗೊತ್ತಾಗುತ್ತೆ. ಪ್ಯಾಪಿಲೋಮಾ (ಹಾಲಿನ ನಾಳದೊಳಗೆ ಬೆಳೆಯುವ ಗಂಟು) ಜೊತೆ ಈ ಪದ ಇದ್ದರೂ ಅಷ್ಟೇ. ಈ ಪದ ಇಲ್ಲದ ಚಿಕ್ಕ ಪ್ಯಾಪಿಲೋಮಾ ಆದರೆ ಕಾದು ನೋಡಬಹುದು, ತೊಟ್ಟಿನಿಂದ ರಕ್ತ ಬರುತ್ತಿದ್ದರೆ ಲೆಕ್ಕ ಬೇರೆ. ಗಾಯದ ಕಲೆಯ ಹಾಗೆ ಕಾಣುವ, ಕ್ಯಾನ್ಸರ್ ಅಲ್ಲದ ರೇಡಿಯಲ್ ಸ್ಕಾರ್‌ಗೆ ಒಂದೇ ನಿಯಮ ಇಲ್ಲ.

ಗ್ರಾನುಲೋಮಾ, ಅಂದರೆ ಉರಿಯೂತದಿಂದ ಆದ ಗಂಟು ಅಂತ ಬಂದಿದ್ದರೆ ದಯವಿಟ್ಟು ಆಪರೇಷನ್‌ಗೆ ಅವಸರ ಮಾಡಬೇಡಿ. ಟಿಬಿ ಇದೆಯಾ ಅಂತ ಮೊದಲು ಪರೀಕ್ಷೆ ಆಗಲಿ, ಇದ್ದರೆ ಟಿಬಿ ಮಾತ್ರೆಯೇ ಮುಖ್ಯ ಚಿಕಿತ್ಸೆ. ಸುಮ್ನೆ ಕೊಯ್ದರೆ ಗಾಯ ತಿಂಗಳುಗಟ್ಟಲೆ ಒಣಗದೆ ಕಾಡಬಹುದು.

ಮನಸ್ಸು ಒಪ್ಪದಿದ್ದರೆ ಲ್ಯಾಬಿನಿಂದ ಸ್ಲೈಡ್ ಮತ್ತು ಬಯಾಪ್ಸಿ ಚೂರು ಇಟ್ಟಿರುವ ಮೇಣದ ಬ್ಲಾಕ್ ಎರಡನ್ನೂ ಕೇಳಿ ಪಡೆದು, ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಬ್ಬರಿಗೆ ತೋರಿಸಿ. ಬರೀ ರಿಪೋರ್ಟ್ ಹಾಳೆ ಹಿಡಿದು ಹೋದರೆ ಸಾಲದು. ತಂಗಿಯದು ಫೈಬ್ರೊಅಡಿನೋಮಾ, 2 ಸೆಂಟಿಮೀಟರ್‌ಗಿಂತ ಚಿಕ್ಕದು, ತೆಗೆಸಲಿಲ್ಲ. ಪ್ರತಿ ಸಲ ಅದೇ ಸೆಂಟರಿಗೆ ಹಳೇ ಫಿಲ್ಮ್ ತಗೊಂಡು ಹೋಗುತ್ತಾಳೆ, ಪಕ್ಕದಲ್ಲಿಟ್ಟು ಅಳತೆ ನೋಡುತ್ತಾರೆ.