ತಾರಸಿ ಸೋರುತ್ತಿದೆಯೇ? ಕೆಲಸಗಾರರನ್ನು ಹೀಗೆ ಆರಿಸಿ

ಬೆಂಗಳೂರಿಗೆ ಮುಂಗಾರು ಕಾಲಿಡುವುದು ಜೂನ್‌ನಲ್ಲಾದರೂ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೇ ತಾರಸಿಯ ಬಣ್ಣ ಬಯಲಾಗುತ್ತದೆ. ಸೀಲಿಂಗ್‌ನಲ್ಲಿ ಕಲೆ ಕಂಡ ಮೇಲೆ ಊರೆಲ್ಲ ಒಟ್ಟಿಗೆ ಮೇಸ್ತ್ರಿ ಹುಡುಕುತ್ತದೆ, ಆಗ ಕೈಗೆ ಸಿಕ್ಕವರೇ ಗತಿ. ಸಂಕ್ರಾಂತಿ ಮುಗಿದ ಕೂಡಲೇ ಹುಡುಕಾಟ ಶುರು ಮಾಡಿ. ಫೆಬ್ರುವರಿ, ಮಾರ್ಚ್‌ನಲ್ಲಿ ತಾರಸಿ ಚೆನ್ನಾಗಿ ಒಣಗಿರುತ್ತದೆ. ತೇವದ ಮೇಲೆ ಬಳಿದ ಕೋಟಿಂಗ್ ಉಬ್ಬಿ ಏಳುತ್ತದೆ.

ಮೊದಲು ನಿಮ್ಮ ಮನೆಯದು ಎಂಥ ಛಾವಣಿ ಎಂದು ತಿಳಿದುಕೊಳ್ಳಿ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ ಇನ್ನೂ ಉಳಿದಿದೆ. ಅದಕ್ಕೆ ಸುಣ್ಣದ ಕೆಲಸ ಬಲ್ಲವರೇ ಬೇಕು. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ತೊಲೆ ಕೊಳೆಯಬಹುದು. ಮಂಗಳೂರು ಹೆಂಚಿನದಾದರೆ ಒಡೆದ ಹೆಂಚು, ಲಡ್ಡಾದ ರೀಪು (ಹೆಂಚು ಕೂರುವ ಮರದ ಪಟ್ಟಿ) ಬದಲಿಸುವವರು ಸಾಕು. ಮಿಕ್ಕ ಬಹುಪಾಲು ಮನೆಗಳದ್ದು ಆರ್‌ಸಿಸಿ, ಅಂದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಛಾವಣಿ.

ನಮ್ಮದೂ ಆರ್‌ಸಿಸಿಯೇ. ಅಡುಗೆಮನೆಯ ಸೀಲಿಂಗ್‌ನಲ್ಲಿ ಅಂಗೈ ಅಗಲದ ಕಂದು ಕಲೆ ಮೂಡಿತ್ತು. ಮೊದಲು ಬಂದ ಗುತ್ತಿಗೆದಾರರು ಕಲೆಯತ್ತ ತಿರುಗಿಯೂ ನೋಡದೆ ಮೇಲೆ ಹತ್ತಿದರು, ಟೇಪು ಹಿಡಿದು ಅಳೆದರು, ಐದು ನಿಮಿಷದಲ್ಲಿ ದರ ಹೇಳಿದರು. ತಾರಸಿಗೆಲ್ಲ ಬಿಳಿ ಕೋಟಿಂಗ್ ಬಿತ್ತು. ಮೊದಲ ಮಳೆಗೇ ಅದೇ ಜಾಗದಲ್ಲಿ ನೀರು ತೊಟ್ಟಿಕ್ಕಿತು. ಆಮೇಲೆ ಬಂದ ವಯಸ್ಸಾದ ಮೇಸ್ತ್ರಿ ನೇರ ಅಡುಗೆಮನೆಗೆ ಬಂದು ಸ್ಟೂಲ್ ಹತ್ತಿ ಕಲೆ ಮುಟ್ಟಿ ನೋಡಿದರು. ‘ಮಳೆ ಇಲ್ದಿದ್ದಾಗ್ಲೂ ಹಸಿ ಇರುತ್ತಾ ಅಮ್ಮಾ?’ ಎಂದು ಕೇಳಿದರು. ಇದ್ದರೆ ಅದು ಪೈಪು ಅಥವಾ ಟ್ಯಾಂಕಿನ ನೀರು, ತಾರಸಿಯ ತಪ್ಪಲ್ಲ. ನಂತರ ಮೇಲೆ ಹೋಗಿ ಸುತ್ತಿಗೆಯಿಂದ ಮೆಲ್ಲಗೆ ನೆಲ ತಟ್ಟುತ್ತಾ ಬಂದರು. ಎಲ್ಲ ಕಡೆ ಟಕ್ ಟಕ್, ಸೋಲಾರ್ ಸ್ಟ್ಯಾಂಡಿನ ಕಾಲಿನ ಬಳಿ ಮಾತ್ರ ಡಬ್ ಡಬ್, ಅಂದರೆ ಅಡಿಯಲ್ಲಿ ಟೊಳ್ಳು. ಬೋಲ್ಟಿಗೆಂದು ಕೊರೆದ ತೂತಿನಲ್ಲಿ ಇಳಿದ ನೀರು ಗಾರೆಯಡಿ ಹರಿದು, ಎರಡು ಮಾರು ಆಚೆ ಅಡುಗೆಮನೆಯಲ್ಲಿ ಜಿನುಗುತ್ತಿತ್ತು.

ದರ ಹೇಳುವ ಮುನ್ನ ನೀರಿನ ದಾರಿ ಹುಡುಕುವವರಿಗೇ ಕೆಲಸ ಕೊಡಿ. ನನ್ನ ಮಟ್ಟಿಗೆ ಉಳಿದ ಪರೀಕ್ಷೆಗಳೆಲ್ಲ ಇದರ ನಂತರ. ಅವರು ನೆಲಕ್ಕೆ ವಾಟ ಇದೆಯೇ (100 ಅಡಿಗೆ 1 ಅಡಿಯಾದರೂ ಇಳಿಜಾರು ಬೇಕು), ಪ್ಯಾರಾಪೆಟ್ ಗೋಡೆ ನೆಲಕ್ಕೆ ಕೂಡುವ ಮೂಲೆ ಬಿರುಕು ಬಿಟ್ಟಿದೆಯೇ, ಮಳೆನೀರಿನ ಪೈಪಿನ ಬಾಯಿ ಹೇಗಿದೆ ಎಂದು ನೋಡಬೇಕು. ಫೋನಿನಲ್ಲೇ ರೇಟು ಹೇಳುವವರು ಬೇಡ.

ಹೀಗೆ ನೋಡಿದ ಮೂವರಿಂದಾದರೂ ಕೊಟೇಶನ್ ಬರೆಸಿಕೊಳ್ಳಿ. ದರ ಚದರ ಅಡಿಗೋ ಚದರಕ್ಕೋ ಸ್ಪಷ್ಟವಿರಲಿ, ನಮ್ಮಲ್ಲಿ ಒಂದು ಚದರವೆಂದರೆ 100 ಚದರ ಅಡಿ. ಹಳೆಯ ಪದರ ಕೀಳುವುದು, ಡೆಬ್ರಿಸ್ ಸಾಗಿಸುವುದು ಸೇರಿದೆಯೇ, ಯಾವ ಸಾಮಗ್ರಿ, ಎಷ್ಟು ಕೋಟು, ಗೋಡೆಯ ಮೇಲೆ ಎಷ್ಟು ಎತ್ತರದವರೆಗೆ ಎಂಬುದೆಲ್ಲ ಕಾಗದದಲ್ಲಿರಲಿ. ಜಿಎಸ್‌ಟಿ ಹಾಕುವವರಾದರೆ 15 ಅಂಕಿ-ಅಕ್ಷರಗಳ ನಂಬರ್ ಕೇಳಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹೆಸರು ತಾಳೆ ನೋಡಿ. ಕರ್ನಾಟಕದಲ್ಲಿ ನೋಂದಣಿಯಾದದ್ದು 29ರಿಂದ ಶುರುವಾಗುತ್ತದೆ.

ಮೊಬೈಲ್ ಫೋಟೊ ನೋಡಿ ಒಪ್ಪಬೇಡಿ. ಎರಡು ಮಳೆಗಾಲ ಕಂಡ ಕೆಲಸ ತೋರಿಸಲು ಹೇಳಿ, ಆ ಮನೆಯವರನ್ನೇ ವಿಚಾರಿಸಿ.

ಗ್ಯಾರಂಟಿ ಎಂದರೆ ಸಾಮಗ್ರಿಗೋ ಕೆಲಸಕ್ಕೋ ಬರೆಸಿಕೊಳ್ಳಿ. ಡಬ್ಬಿಯ ಮೇಲಿನ ವಾರಂಟಿ ನಿಮ್ಮ ತಾರಸಿಯ ಕೆಲಸಕ್ಕೆ ಅನ್ವಯಿಸುವುದಿಲ್ಲ. ಹಣ ಕಂತಿನಲ್ಲಿ ಕೊಡಿ, ಕೊನೆಯ ಕಂತು ದೊಡ್ಡದೇ ಇರಲಿ. ಮಾತಿಗೆ ತಪ್ಪಿದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅದಕ್ಕೂ ಬಿಲ್ಲು, ಕೊಟೇಶನ್ ಕೈಲಿರಬೇಕು.

ಕೆಲಸ ಮುಗಿದು ಕೋಟಿಂಗ್ ಪೂರ್ತಿ ಒಣಗಿದ ಮೇಲೆ ಆರ್‌ಸಿಸಿ ತಾರಸಿಯಲ್ಲಿ ಪೈಪಿನ ಬಾಯಿ ಮುಚ್ಚಿ ಒಂದಂಗುಲ ನೀರು 48 ಗಂಟೆ ನಿಲ್ಲಿಸಿ. 10 ಚದರಕ್ಕೆ ಸುಮಾರು 2,400 ಲೀಟರ್ ಬೇಕು, ಕಾವೇರಿ ನೀರು ಬಳಸಬೇಡಿ. ಹಳೆಯ ಮದ್ರಾಸ್ ತಾರಸಿಗೆ ಮಾತ್ರ ಈ ಭಾರ ಹೊರಿಸಬೇಡಿ. ನೀರು ನಿಲ್ಲಿಸುವ ಮುನ್ನ ಕೆಳಗೆ ಕಲೆಯ ಸುತ್ತ ಪೆನ್ಸಿಲ್ ಗೆರೆ ಎಳೆದಿಡಿ. ಮೂರನೆಯ ದಿನ ಕಲೆ ಗೆರೆ ದಾಟಿರದಿದ್ದರೆ, ಮುಟ್ಟಿದಾಗ ಹಸಿ ಅನಿಸದಿದ್ದರೆ ಕೊನೆಯ ಕಂತು ಕೊಡಿ.