ವಾಕಿಂಗ್ ಹೊರಟಿದ್ದು ನೀವಾ, ನಿಮ್ಮ ನಾಯಿಯಾ?

ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಯಾವುದೇ ಬಡಾವಣೆಯ ಪಾರ್ಕ್ ಪಕ್ಕ ನಿಂತು ನೋಡಿ. ಲ್ಯಾಬ್ರಡಾರ್ ಮುಂದೆ, ಯಜಮಾನರು ಹಿಂದೆ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಬಿಗಿದ ಹಗ್ಗ, ಬಾಯಲ್ಲಿ ‘ಬ್ರೂನೋ, ನಿಧಾನ ಕಣೋ!’ ಮನೆಗೆ ಬಂದ ಮೇಲೆ ಭುಜಕ್ಕೆ ಮುಲಾಮು.

ನಾಯಿ ಎಳೆಯುವುದು ಕೊಬ್ಬಿನಿಂದ ಅಲ್ಲ. ಅದರ ನಡಿಗೆಯೇ ನಮಗಿಂತ ಚುರುಕು. ಮೇಲಾಗಿ, ಅದು ಎಳೆದಾಗಲೆಲ್ಲ ನಾವು ಹಿಂದೆಯೇ ಹೋಗಿದ್ದೇವೆ. ಜೋರಾಗಿ ಎಳೆದರೆ ಲೈಟ್ ಕಂಬ ಬೇಗ ಸಿಗುತ್ತದೆ ಅಂತ ಕಲಿಸಿದವರು ನಾವೇ. ಅದನ್ನು ಮರೆಸಲು ವಾರಗಳು ಬೇಕು, ದೊಡ್ಡ ನಾಯಿಗೆ ತಿಂಗಳುಗಳೂ ಆಗಬಹುದು.

1. ಸಾಮಾನು

ಆರಡಿ ಉದ್ದದ ಸಾದಾ ಹಗ್ಗ, ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್, ಅಂದರೆ ಕುತ್ತಿಗೆಯ ಬದಲು ಎದೆ-ಬೆನ್ನಿಗೆ ಸುತ್ತಿ ಹಾಕುವ ಪಟ್ಟಿ. ಇಷ್ಟು ಸಾಕು. ಹಗ್ಗವನ್ನು ಎದೆಯ ಕೊಂಡಿಗೆ ಸಿಕ್ಕಿಸಿದರೆ, ನಾಯಿ ಎಳೆದಾಗ ಅದರ ಮೈ ನಿಮ್ಮ ಕಡೆಗೇ ತಿರುಗುತ್ತದೆ. ಬೆನ್ನ ಮೇಲೆ ಮಾತ್ರ ಕೊಂಡಿ ಇದ್ದರೆ ಎಳೆಯೋದಕ್ಕೆ ಅದಕ್ಕೆ ಇನ್ನೂ ಆರಾಮ.

ಅಂಗಡಿಯವರು ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ತೋರಿಸುತ್ತಾರೆ. ಬೇಡ. ಎಳೆದಷ್ಟೂ ಉದ್ದ ಸಿಗುತ್ತದೆ ಅನ್ನುವ ಪಾಠವನ್ನೇ ಅದು ಕಲಿಸುತ್ತದೆ. ಸ್ಕೂಟರ್ ನುಗ್ಗುವ ಗಲ್ಲಿಯಲ್ಲಂತೂ ಅಪಾಯ. ಎಳೆದರೆ ಕುತ್ತಿಗೆ ಬಿಗಿಯುವ ಚೋಕ್ ಚೈನು, ಮುಳ್ಳಿನ ಬೆಲ್ಟ್, ಶಾಕ್ ಕೊಡುವ ಬೆಲ್ಟ್ ಮೂರನ್ನೂ ಮನೆಗೆ ಸೇರಿಸಬೇಡಿ. ಗಂಟಲಿಗೆ ಪೆಟ್ಟಾಗುತ್ತದೆ. ಜೊತೆಗೆ, ಬೇರೆ ನಾಯಿ ಕಂಡಾಗಲೆಲ್ಲ ಕುತ್ತಿಗೆ ನೋಯುತ್ತದೆ ಎಂದು ಕಲಿತ ನಾಯಿ ಆಮೇಲೆ ಬೇರೆ ನಾಯಿ ಕಂಡರೇ ಕೆರಳುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಮೊದಲೇ ಉಸಿರಾಟ ಕಷ್ಟ, ಸಾದಾ ಕುತ್ತಿಗೆ ಬೆಲ್ಟಿಗೂ ಹಗ್ಗ ಕಟ್ಟಬೇಡಿ. ಮುಧೋಳ ನಾಯಿಯದು ಬೇರೆ ಕಥೆ. ತಲೆ ಸಪೂರ, ಕುತ್ತಿಗೆ ಉದ್ದ. ಹಿಂದಕ್ಕೆ ಒಮ್ಮೆ ಜಗ್ಗಿದರೆ ಬೆಲ್ಟ್ ಕಿವಿ ದಾಟಿ ಜಾರಿರುತ್ತದೆ, ನಾಯಿ ಮುಂದಿನ ಕ್ರಾಸ್‌ನಲ್ಲಿ ಬೆಕ್ಕಿನ ಹಿಂದೆ ಇರುತ್ತದೆ.

ಜೇಬಿನಲ್ಲಿ ತಿಂಡಿ ಇರಲಿ. ಉಪ್ಪು, ಖಾರ, ಈರುಳ್ಳಿ ಇಲ್ಲದೆ ಬೇಯಿಸಿದ ಕೋಳಿ ಚೂರು ಒಳ್ಳೆಯದು. ಮನೆಯಲ್ಲಿ ಮಾಂಸ ಮಾಡದಿದ್ದರೆ ಪನೀರ್ ಅಥವಾ ಬೇಯಿಸಿದ ಗೆಣಸು. ಕಡಲೆಬೀಜದಷ್ಟು ಗಾತ್ರ ಸಾಕು. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ.

2. ಹಾಲ್‌ನಲ್ಲಿ, ಆಮೇಲೆ ಗೇಟಿನಲ್ಲಿ

ಮನೆಯೊಳಗೇ ಹಗ್ಗ ಹಾಕಿ ನಡೆಯಿರಿ. ಕಾಲ ಪಕ್ಕ ಬಂದಾಗಲೆಲ್ಲ ಒಂದು ಚೂರು. ನಾಯಿ ಕುಣಿಯುತ್ತಿರುವಾಗ ಗೇಟ್ ತೆಗೆಯಬೇಡಿ, ನಾಲ್ಕೂ ಕಾಲು ನೆಲದ ಮೇಲೆ ಬರಲಿ. ಮರಿಯಾದರೆ ಲಸಿಕೆಗಳು ಮುಗಿಯುವವರೆಗೆ ಬೀದಿಗೆ ಇಳಿಸದೆ, ಎತ್ತಿಕೊಂಡು ಊರು ತೋರಿಸಿ.

3. ಹಗ್ಗ ಬಿಗಿಯಾದ ಕ್ಷಣ

ಎಲ್ಲರೂ ಎಡವುವುದು ಇಲ್ಲೇ. ‘ನಿಂತು ನೋಡಿದ್ವಿ ಸಾರ್, ಕೆಲಸ ಮಾಡಲಿಲ್ಲ’ ಅನ್ನುವವರು ನಿಂತಿದ್ದನ್ನು ನಾನು ನೋಡಿದ್ದೇನೆ. ಹಗ್ಗ ಬಿಗಿಯುತ್ತದೆ, ಇವರು ನಾಲ್ಕು ಹೆಜ್ಜೆ ಎಳೆಸಿಕೊಂಡು ಹೋಗಿ ಆಮೇಲೆ ನಿಲ್ಲುತ್ತಾರೆ. ನಾಯಿ ಆಗಲೇ ಕಂಬ ಮೂಸಿ ಆಗಿದೆ! ಕೆಲವರು ನಿಲ್ಲುತ್ತಾರೆ, ಆದರೆ ಕೈ ಮುಂದಕ್ಕೆ ಚಾಚಿಕೊಂಡಿರುತ್ತದೆ. ನಾಯಿಗೆ ಎರಡಡಿ ಸಿಕ್ಕಿತಲ್ಲ, ಅದಕ್ಕೆ ಅದೂ ಗೆಲುವೇ.

ಸರಿಯಾಗಿ ಮಾಡುವುದು ಹೀಗೆ. ಹಗ್ಗ ಹಿಡಿದ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ. ಬಿಗಿತ ಗೊತ್ತಾದ ಹೆಜ್ಜೆಯಲ್ಲೇ ನಿಲ್ಲಿ. ಬೈಯಬೇಡಿ, ಹೆಸರು ಕೂಗಬೇಡಿ, ಹಿಂದಕ್ಕೆ ಜಗ್ಗಬೇಡಿ. ಜಗ್ಗಿದರೆ ಅದು ಇನ್ನೂ ಜೋರಾಗಿ ಮುಂದಕ್ಕೇ ಒತ್ತುತ್ತದೆ. ನಾಯಿ ಸ್ವಲ್ಪ ಹೊತ್ತು ಎಳೆದು, ಏನಾಯಿತು ಅಂತ ಹಿಂದೆ ತಿರುಗುತ್ತದೆ. ಆಗ ಹಗ್ಗದ ನಡುಭಾಗ ಜೋತುಬೀಳುತ್ತದೆ. ಆ ಕ್ಷಣಕ್ಕೆ ‘ಗುಡ್’ ಅನ್ನಿ, ಚೂರನ್ನು ನಿಮ್ಮ ಕಾಲಿನ ಪಕ್ಕದಲ್ಲೇ ಕೊಡಿ. ಕೈ ಮುಂದೆ ಚಾಚಿ ಕೊಟ್ಟರೆ ಮುಂದೆ ಇರುವುದೇ ಲಾಭ ಅಂತ ಕಲಿಯುತ್ತದೆ. ಆಮೇಲೆ ನಡೆಯಿರಿ, ಅದು ಮೂಸಲು ಹೊರಟಿದ್ದ ಕಂಬದ ಹತ್ತಿರವೇ ಹೋಗಿ. ನಾಯಿಗೆ ಮೂಸುವುದೇ ದೊಡ್ಡ ಬಹುಮಾನ.

ಮೊದಲ ವಾರ ನೀವು ಬೀದಿಯ ಕೊನೆ ಮುಟ್ಟುವುದಿಲ್ಲ. ಪರವಾಗಿಲ್ಲ, ಹದಿನೈದು ನಿಮಿಷ ಸಾಕು. ಆಫೀಸಿಗೆ ಹೊತ್ತಾಯಿತು ಅಂತ ಒಂದು ದಿನ ಎಳೆಸಿಕೊಂಡು ಹೋಗೋದು ಮಾತ್ರ ಬೇಡ. ಅಪರೂಪಕ್ಕೊಮ್ಮೆ ಗೆಲ್ಲುವ ಇಸ್ಪೀಟು ಬಿಡೋದು ಎಷ್ಟು ಕಷ್ಟವೋ, ಆಗೊಮ್ಮೆ ಈಗೊಮ್ಮೆ ಫಲಿಸುವ ಎಳೆತ ಬಿಡಿಸುವುದೂ ಅಷ್ಟೇ ಕಷ್ಟ. ಹೊತ್ತಿಲ್ಲದ ದಿನ ವಾಕಿಂಗ್ ಬಿಟ್ಟು ಮನೆಯಲ್ಲೇ ಚೆಂಡು ಆಡಿಸಿ. ಅಜ್ಜ, ಮಕ್ಕಳು, ಕೆಲಸದವರು, ಹಗ್ಗ ಹಿಡಿಯುವ ಎಲ್ಲರಿಗೂ ಒಂದೇ ನಿಯಮ.

4. ಬೀದಿ ನಾಯಿಗಳು

ಬೀದಿ ನಾಯಿ ಎದುರಾದರೆ ಮೇಲಿನ ಪಾಠ ನಡೆಯುವುದಿಲ್ಲ. ಅಲ್ಲಿ ಬೇಕಾಗಿರುವುದು ದೂರ. ನಿಮ್ಮ ನಾಯಿ ಬಾಯಿ ಮುಚ್ಚಿಕೊಂಡು, ಕಿವಿ ನಿಗುರಿಸಿ, ಮೈ ಸೆಟೆದು ನಿಂತಿತು ಅಂದರೆ ಬೊಗಳೋದಕ್ಕೆ ಇನ್ನು ಜಾಸ್ತಿ ಹೊತ್ತಿಲ್ಲ. ಅದಕ್ಕೂ ಮೊದಲೇ, ಎದುರಿನ ನಾಯಿಯನ್ನು ಬರೀ ನೋಡುತ್ತಿರುವಾಗಲೇ ಒಂದು ಚೂರು ಕೊಡಿ, ಇನ್ನೊಂದು ಕೊಡಿ. ತಿನ್ನಲು ಒಪ್ಪದಿದ್ದರೆ ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ. ತಿರುಗಿ ನಡೆಯಿರಿ. ಓಡಬೇಡಿ, ಕಲ್ಲು ಎತ್ತಬೇಡಿ. ‘ಫ್ರೆಂಡ್ಸ್ ಆಗ್ಲಿ ಬಿಡಿ’ ಅಂತ ಮೂತಿಗೆ ಮೂತಿ ಹಿಡಿಸುವವರಿಂದಲೂ ದೂರ ಇರಿ.

ಕಿವಿಯ ತುದಿ ಕತ್ತರಿಸಿರುವ ಬೀದಿ ನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿರುತ್ತದೆ. ಅಂಥವನ್ನು ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ತಂದು ಬಿಡುತ್ತಾರೆ. ಹಾಗಾಗಿ ಯಾವ ಗುಂಪು ಯಾವ ಬೇಕರಿ ಮುಂದೆ ಮಲಗುತ್ತದೆ ಎಂದು ನೋಡಿಕೊಂಡು ದಾರಿ ಆರಿಸಿ. ಹೊತ್ತನ್ನೂ ನೋಡಿಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ಟಾರಿನ ಮೇಲೆ ಅಂಗೈಯ ಹಿಂಭಾಗ ಏಳು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯ ಪಾದವೂ ಸುಡುತ್ತದೆ.

ಇದ್ದಕ್ಕಿದ್ದಂತೆ ಗುರ್ ಅನ್ನತೊಡಗಿದ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ಸೊಂಟ ನೋವು ಇದ್ದರೂ ಹಾಗೆ ಮಾಡುತ್ತದೆ. ಜಗಳ ಬಿಡಿಸುವಾಗ ನಿಮ್ಮ ಕೈಗೆ ಹಲ್ಲು ತಾಗಿದರೆ, ಗೀರು ಸಣ್ಣದಾದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ರೇಬಿಸ್ ಚುಚ್ಚುಮದ್ದಿಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ.