ಹೊಸಬರಿಗೆ ಮಾರ್ಗದರ್ಶಿ: ಮನೆಯ ಕ್ರೆಡಿಟ್ ಕಾರ್ಡ್ ಜೋಪಾನ

ವರ್ಗವಾಗಿ ಕಾಸರಗೋಡಿಗೆ ಬಂದವರು ಮೊದಲ ತಿಂಗಳು ಬಾಡಿಗೆ ಮನೆ, ಗ್ಯಾಸ್, ಮಕ್ಕಳ ಶಾಲೆ ಎಂದು ಓಡಾಡುತ್ತಾರೆ. ಬ್ಯಾಂಕಿಗೆ ಹೊಸ ವಿಳಾಸ ಕೊಡಬೇಕೆಂಬುದು ನೆನಪಾಗುವಾಗ ಹೊಸ ಕಾರ್ಡ್ ಹಳೆಯ ಮನೆಯ ಬಾಗಿಲಿಗೆ ಹೋಗಿ ಬಿದ್ದಿರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹಳೆಯ ಸಿಮ್. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಕೆಲವು ತಿಂಗಳಲ್ಲಿ ಬೇರೆಯವರ ಪಾಲಾಗಬಹುದು. ನಿಮ್ಮ ಒಟಿಪಿಯೂ ಅವರಿಗೇ ಹೋಗುತ್ತದೆ. ಹೊಸ ನಂಬರ್ ಬ್ಯಾಂಕಿನಲ್ಲಿ ದಾಖಲಾಗುವ ತನಕ ಹಳೆಯದನ್ನು ಬಿಡಬೇಡಿ.

ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ವ್ಯವಹಾರವನ್ನು ಈಗಲೇ ಆಫ್ ಮಾಡಿ. ಹೊರದೇಶದ ಹಲವು ವೆಬ್‌ಸೈಟುಗಳಲ್ಲಿ ಒಟಿಪಿ ಇಲ್ಲದೆಯೇ ಹಣ ಹೋಗುತ್ತದೆ. ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಕೊಡುವ ವ್ಯವಸ್ಥೆಯಲ್ಲಿ 5,000 ರೂಪಾಯಿ ತನಕ ಪಿನ್ ಕೇಳುವುದಿಲ್ಲ. ಬೇಡವಾದರೆ ಅದನ್ನೂ ಆಫ್ ಮಾಡಬಹುದು. ಅಕ್ಷಯ ಕೇಂದ್ರದಲ್ಲಿ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಬಿಲ್ ಕಟ್ಟಿಸುವಾಗ ಕಾರ್ಡ್ ಕೈಗೆ ಕೊಟ್ಟು ಪೇಟೆ ಸುತ್ತಲು ಹೋಗಬೇಡಿ. ಅಲ್ಲಿನವರ ಮೇಲೆ ಸಂಶಯವೆಂದಲ್ಲ, ಕಾರ್ಡ್ ನಿಮ್ಮ ಕಣ್ಣೆದುರೇ ಇರಲಿ.

ಇಲ್ಲಿ ಹೊಸಬರು ಸಿಕ್ಕಿಬೀಳುವುದು ಹೆಚ್ಚಾಗಿ ಮಾತಿನಲ್ಲಿ. ‘ಕೆಎಸ್‌ಇಬಿಯಿಂದ (ಕೇರಳದ ವಿದ್ಯುತ್ ಮಂಡಳಿ) ಮಾತಾಡುತ್ತಿದ್ದೇವೆ, ಬಿಲ್ ಬಾಕಿ ಇದೆ, ರಾತ್ರಿಯೇ ಕರೆಂಟ್ ಕಟ್’ ಎಂದು ಮಲಯಾಳದಲ್ಲಿ ಕರೆ ಬರುತ್ತದೆ. ಬಿಲ್ ಇರುವುದು ಮನೆ ಮಾಲೀಕರ ಹೆಸರಲ್ಲಿ, ಭಾಷೆ ಅರ್ಧ ಅರ್ಥವಾಗಿದೆ. ಕೇಳಿದ್ದಕ್ಕೆಲ್ಲ ‘ಶೆರಿ, ಶೆರಿ’ ಎಂದುಬಿಡುತ್ತೇವೆ. ಆಮೇಲೆ ಒಂದು ಲಿಂಕ್, ಇಲ್ಲವೇ ಫೋನಿಗೆ ಹಾಕಿಕೊಳ್ಳಲು ಒಂದು ಆ್ಯಪ್. ಆ ಆ್ಯಪ್ ಹಾಕಿದರೆ ನಿಮ್ಮ ಪರದೆಯೇ ಅವರಿಗೆ ಕಾಣುತ್ತದೆ. ಫೋನ್ ಇಟ್ಟು ಮಾಲೀಕರನ್ನು ಕೇಳಿ, ಅಥವಾ ಕೆಎಸ್‌ಇಬಿಯ ಸೆಕ್ಷನ್ ಆಫೀಸಿಗೆ ಹೋಗಿ. ‘ನಾನೂ ನಿಮ್ಮ ಊರಿನವನೇ’ ಎಂದು ಸೊಗಸಾದ ಕನ್ನಡದಲ್ಲಿ ಮಾತಾಡಿದರೆ ಇನ್ನಷ್ಟು ಜಾಗ್ರತೆ ಬೇಕು. ಪರವೂರಿನಲ್ಲಿ ಕನ್ನಡ ಕೇಳಿದ ಕೂಡಲೇ ನಮ್ಮ ಮನಸ್ಸು ಕರಗುತ್ತದೆ, ಅವರಿಗೂ ಅದು ಗೊತ್ತು.

ಹಣ ಹೋದದ್ದು ಗೊತ್ತಾದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ. ಬ್ಯಾಂಕಿನ ನಂಬರ್ ಕಾರ್ಡಿನ ಹಿಂಬದಿಯಲ್ಲಿದೆ. ಕಾರ್ಡೇ ಕಳೆದರೆ ಅದೂ ಹೋಯಿತು, ಡೈರಿಯಲ್ಲಿ ಬರೆದಿಡಿ. ದೂರಿನ ನಂಬರ್ ಕೇಳಿ ಪಡೆಯಿರಿ. ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ದಾರಿಯಿದೆ.

ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುವಂತೆ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದ ವಂಚನೆಯನ್ನು ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ. ಒಟಿಪಿಯನ್ನು ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಹೋದದ್ದು ನಿಮ್ಮ ತಲೆಗೆ, ತಿಳಿಸಿದ ನಂತರದ್ದು ಬ್ಯಾಂಕಿನ ತಲೆಗೆ. ಆದ್ದರಿಂದ ಗಂಡ ಬಯ್ಯುತ್ತಾರೆ, ಅತ್ತೆ ಏನಂದಾರು ಎಂದು ಸಂಜೆ ತನಕ ಕೂರಬೇಡಿ. ಬ್ಯಾಂಕ್ 30 ದಿನದೊಳಗೆ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು, ವಿವರಕ್ಕೆ 14448.

ಠಾಣೆಗೆ ದೂರು ಬರೆಯಲು ಮಲಯಾಳ ಬಾರದೆಂದು ಹಿಂಜರಿಯಬೇಡಿ. ಭಾಷಾ ಅಲ್ಪಸಂಖ್ಯಾತರ ಪ್ರದೇಶವಾದ ಇಲ್ಲಿ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ ಹಕ್ಕು ನಮಗಿದೆ. ಸ್ಟೇಟ್‌ಮೆಂಟ್, ಮೆಸೇಜುಗಳ ಪ್ರಿಂಟ್ ಜತೆಗಿರಲಿ. ಜತೆಗೊಬ್ಬರು ಬೇಕೆಂದರೆ ನಮ್ಮ ಸಂಘದಿಂದ ಬರುತ್ತೇವೆ.